ಒಂದೇ ಸುಳ್ಳಿಗೆ ಇಬ್ಬರು ಸಿಪಾಯಿಗಳು

ಆಳಂದದ ಬಜಾರದಲ್ಲಿ ತೊಗರಿ ಚೀಲ ಹೊರುತ್ತಿದ್ದ ಮಹಾದೇವಪ್ಪನಿಗೆ ಈ ಭೂಮಿಯ ಮೇಲೆ ಒಬ್ಬನೇ ಶತ್ರು. ಅವನು ಅಫಜಲಪುರದಲ್ಲಿ ಬಂಡಿ ಹೊಡೆಯುವ ಭಗವಂತ. ಹೆಂಡತಿಯ ತಂಗಿಯ ಗಂಡ, ಅಂದರೆ ಷಡ್ಡಕ. ಇಬ್ಬರೂ ಜೇವರ್ಗಿಯ ಮಾಳಮ್ಮನ ಅಳಿಯಂದಿರು. ಆ ಮನೆಯಲ್ಲಿ ಹಿತ್ತಾಳೆಯ ಹೂವು ಬಡಿದ ಮಣೆ ಒಂದೇ ಇತ್ತು. ಹಿರಿಯಳಿಯ ಮಹಾದೇವಪ್ಪ ಹತ್ತು ವರ್ಷದಿಂದ ಅದರ ಮೇಲೆ ಕೂತೇ ಉಂಡವನು. ಉಣ್ಣುವಾಗ ಪಕ್ಕದ ಬೋಳು ಮಣೆಯವನು ತನ್ನನ್ನು ನೋಡುತ್ತಿದ್ದಾನೋ ಇಲ್ಲವೋ ಎಂದು ಓರೆಗಣ್ಣು ಹಾಯಿಸುತ್ತಿದ್ದ. ನೋಡದಿದ್ದರೆ ಹೋಳಿಗೆ ರುಚಿಸುತ್ತಿರಲಿಲ್ಲ.

೧೯೪೮ರ ಮೊದಲ ತಿಂಗಳುಗಳಲ್ಲಿ ಯುದ್ಧ ಬರುತ್ತದೆಂಬ ಸುದ್ದಿ ಎದ್ದಿತು. ದೊರೆಯ ಫೌಜಿಗೆ ಸಿಪಾಯಿಗಳು ಬೇಕೆಂದು ಸಾರಲು ತಗಡಿನ ಭೋಂಗಾ ಕಟ್ಟಿಕೊಂಡ ಮೋಟಾರೊಂದು ಆಳಂದಕ್ಕೆ ಬಂತು. ಅದರಲ್ಲಿ ಕೂಗುತ್ತಿದ್ದವನು ಶರಫುದ್ದೀನ. ಹಿಂದೆ ಊರೂರು ತಿರುಗಿ ಸೀರೆ ಮಾರುತ್ತಿದ್ದಾಗ, "ನಿಮ್ಮ ತಂಗಿ ಆಗಲೇ ಎರಡು ತೊಗೊಂಡಾಳ್ರಿ" ಎಂಬ ಒಂದೇ ಮಾತಿನಿಂದ ಮೂರು ತಾಲೂಕಿನ ಹೆಂಗಸರನ್ನು ಗೆದ್ದವನು. ಗೋಡೆಗೆ ಅಂಟಿಸಿದ ಮೀಸೆಯ ಸಿಪಾಯಿಯ ಚಿತ್ರ ಮಾಡದ ಕೆಲಸವನ್ನು ಆ ಮಾತು ಮಾಡುತ್ತದೆಂದು ಅವನಿಗೆ ಗೊತ್ತಿತ್ತು. ಮೊದಲ ದಿನ ಭಾಷಣ ಮಾಡಲಿಲ್ಲ. ಹಮಾಲರಿಗೆ ಚಹಾ ಕುಡಿಸಿ, ಬೀಗರ ಕಡೆ ಯಾರು ಹೇಗೆ ಎಂದು ಸುಮ್ಮನೆ ವಿಚಾರಿಸಿದ. ಭಗವಂತನ ವಿಷಯವನ್ನು ಮಹಾದೇವಪ್ಪ ಎರಡು ಕಪ್ಪು ಮುಗಿಯುವವರೆಗೆ ಹೇಳಿದ.

ವಾರ ಕಳೆದು ಸೋಮವಾರ ಭೋಂಗಾ ಸಾರಿತು: ಅಫಜಲಪುರದ ಬಂಡಿ ಭಗವಂತ ಫೌಜಿಗೆ ಹೆಸರು ಬರೆಸಿದ್ದಾನೆ, ಆಳಂದದಲ್ಲಿ ಗಂಡಸರಿದ್ದಾರೋ, ಬರೀ ತೊಗರಿ ಇದೆಯೋ?

ಮಹಾದೇವಪ್ಪನ ಹೆಗಲಿನ ಚೀಲ ದೊಪ್ಪನೆ ಬಿತ್ತು. ಅವನ ಕಣ್ಣ ಮುಂದೆ ಖಾಕಿ ತೊಟ್ಟ ಭಗವಂತ ಹೂವಿನ ಮಣೆಯ ಮೇಲೆ ಕೂತಿದ್ದ. ಮೊದಲ ತುಪ್ಪ ಅವನ ಹೋಳಿಗೆಗೇ ಬೀಳುತ್ತಿತ್ತು. ದೊರೆ, ನಾಡು ಯಾವುದೂ ಕಣ್ಣಿಗೆ ಬೀಳಲಿಲ್ಲ; ಆ ತುಪ್ಪದ ಧಾರೆಯೊಂದೇ ಕಂಡಿತು. ನಿಂತ ಕಾಲಲ್ಲೇ ಹೋಗಿ ಹೆಬ್ಬೆಟ್ಟು ಒತ್ತಿದ. ಯುಗಾದಿಯ ಮರುದಿನ ಅತ್ತೆಯ ಮನೆಯಿಂದಲೇ ಮೋಟಾರು ಹತ್ತಿಸಿಕೊಳ್ಳುವುದೆಂದು ನಿಗದಿಯಾಯಿತು. ಮನೆಗೆ ಬಂದು, ನಾಡಿನ ಮಾನಕ್ಕಾಗಿ ಹೊರಟೆ ಎಂದು ಹೆಂಡತಿ ಮಲ್ಕಮ್ಮನಿಗೆ ಹೇಳಿದ.

"ಆ ನಾಡು ಅಫಜಲಪುರದಾಗ ಐತೇನ್ರಿ?" ಎಂದಳು ಅವಳು.

ಯುಗಾದಿಗೆ ಎಲ್ಲರೂ ಜೇವರ್ಗಿಯಲ್ಲಿ ಸೇರಿದರು. ಮರುದಿನ ಮಧ್ಯಾಹ್ನ, ತಾಟು ಇಡುವ ಮೊದಲೇ ಮಹಾದೇವಪ್ಪ ಹೂವಿನ ಮಣೆ ಹಿಡಿದು ಕೂತು, ಪಕ್ಕದ ಬೋಳು ಮಣೆಯ ಭಗವಂತನ ಕಡೆ ತಿರುಗಿದ.

"ಮದ್ಲ ಬರಿಸೇನಿ ಅಂತ ಭಾಳ ಮೆರಿಬ್ಯಾಡ, ತಮ್ಮಾ."

"ನಾ ಎಲ್ಲಿ ಮದ್ಲ, ಅಣ್ಣಾ? ಆಳಂದದ ಮಹಾದೇವಪ್ಪ ಹೊಂಟಾನಂತ ಗುರುವಾರ ಭೋಂಗಾದಾಗ ಕೇಳೇ ನಾ ಬರಿಸೇನಿ."

ಮಹಾದೇವಪ್ಪನಿಗೆ ಮೊದಲು ಹಿಗ್ಗಾಯಿತು: ಸೋಮವಾರ ಭೋಂಗಾ ಸಾರಿದ್ದು ಸುಳ್ಳು, ತಾನೇ ಮೊದಲಿಗ! ಇಷ್ಟು ದಿನ ಮುಂದೆ ಭಗವಂತ ಕಾಣುತ್ತಿದ್ದ. ಈಗ ಬಂದೂಕು ಕಂಡಿತು. ಇಬ್ಬರಿಗೂ ಹೋಗುವ ಮನಸ್ಸಿಲ್ಲ. ಆದರೆ ಒಲ್ಲೆ ಎಂದು ಮೊದಲು ಬಾಯಿ ಬಿಟ್ಟವನನ್ನು ಇನ್ನೊಬ್ಬ ಸಾಯುವ ತನಕ ಆಡಿಕೊಳ್ಳುತ್ತಿದ್ದ.

ಹೊರಗೆ ಮೋಟಾರು ಹಾರ್ನ್ ಹೊಡೆಯಿತು.

ಸಾಲಿನಲ್ಲಿ ಕೂತವರೆಲ್ಲ ಉಂಡು ಮುಗಿಸುವ ತನಕ ಯಾರೂ ಏಳಬಾರದೆಂಬುದು ಆ ಮನೆಯ ರೀತಿ. ಅಡಿಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಮಾಳಮ್ಮ ಬಾಗಿಲಿಗೆ ಬಂದು, "ಅಳಿಯಂದ್ರು ಉಣ್ಣಾಕತ್ತಾರ್ರಿ ಸಾಹೇಬ್ರ, ಉಂಡು ಏಳ್ಲಿ" ಎಂದಳು. ಶರಫುದ್ದೀನನನ್ನು ಕಟ್ಟೆಯ ಮೇಲೆ ಕೂರಿಸಿ ಅವನಿಗೂ ಹೋಳಿಗೆ ಕೊಟ್ಟಳು. ಒಳಗೆ ಹೋಗಿ ಅಳಿಯಂದಿರಿಗೆ ಬಡಿಸಿದಳು. ಮತ್ತೆ ಬಡಿಸಿದಳು.

ಇಬ್ಬರಿಗೂ ಯುದ್ಧದ ಗುಟ್ಟು ಹೊಳೆಯಿತು. ಒಬ್ಬ ಉಣ್ಣುತ್ತಿರುವ ತನಕ ಇನ್ನೊಬ್ಬ ಏಳುವಂತಿಲ್ಲ. ಏಳನೆಯ ಹೋಳಿಗೆಗೆ ಮಹಾದೇವಪ್ಪನ ಉಡಿದಾರ ಬಿಗಿಯಿತು. ಹತ್ತನೆಯದಕ್ಕೆ ಭಗವಂತನ ಕಣ್ಣು ಮೇಲಾದವು. ಹಾರ್ನ್ ಕೂಗಿದಾಗೊಮ್ಮೆ ಇಬ್ಬರೂ ಕೋಟೆಗೆ ಏಣಿ ಹಾಕಿದವರಂತೆ ತಾಟಿನ ಮೇಲೆ ಬೀಳುತ್ತಿದ್ದರು.

ಬಿಸಿಲು ಇಳಿಯಿತು. ಶರಫುದ್ದೀನ ಒಳಗೆ ಇಣುಕಿ ಬಹಳ ಹೊತ್ತು ನೋಡಿದ. ಎಷ್ಟೆಂದರೂ ವ್ಯಾಪಾರಸ್ಥ, ತಿರುಗಿ ಬಂದ ಮಾಲು ಅವನಿಗೆ ಹೊಸದಲ್ಲ. "ಇಷ್ಟು ಉಣ್ಣವ್ರಿಗೆ ನಮ್ಮ ಫೌಜಿನಾಗ ರೇಷನ್ ಇಲ್ರಿ, ಮಾಳವ್ವ" ಎಂದು ಎರಡೂ ಹೆಸರು ಹೊಡೆದುಹಾಕಿ ಮೋಟಾರು ಹತ್ತಿದ.

ಮಹಾದೇವಪ್ಪ ಅಂಗಳದ ಬೇವಿನ ಕೆಳಗೆ ಅಂಗಾತ ಬಿದ್ದುಕೊಂಡ. ಮಲ್ಕಮ್ಮ ಕಣ್ಣೊರೆಸಿಕೊಳ್ಳುತ್ತ ಗಾಳಿ ಬೀಸುತ್ತಿದ್ದಳು. ಅವನು ಕಷ್ಟಪಟ್ಟು ಬಾಯಿ ಬಿಟ್ಟ.

"ಅಂವ ಎಷ್ಟು ತಿಂದ?"

"ಹದ್ನಾಕು. ನೀವು ಹದ್ಮೂರು."

ಮಹಾದೇವಪ್ಪ ಮೊಣಕೈ ಊರಿ ಅರ್ಧ ಎದ್ದ. ಆ ಮೋಟಾರು ಇಷ್ಟರಲ್ಲಿ ಎಷ್ಟು ದೂರ ಹೋಗಿರಬಹುದು ಎಂದು ಕೇಳಿದ.