ಹೆಗಲು ಬದಲಿಸ್ರಿ

ಚಿತ್ರದುರ್ಗದ ಕೋಟೆಯಲ್ಲಿ ನಮ್ಮಂಥ ಶಾಲಾ ಶಿಕ್ಷಕರಿಗೆ ಯುದ್ಧದ ಇತಿಹಾಸ ಕಲಿಸುತ್ತಿದ್ದವರು ಮತ್ತೋಡಿನ ಒಬ್ಬ ನಿವೃತ್ತ ಮೇಷ್ಟ್ರು. ಕೋಟೆಗೆ ಪುಸ್ತಕ ಹಿಡಿದು ಬಂದವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನಮ್ಮ ಕೈಗೆ ಕವಣೆ ಕೊಟ್ಟು ಕಲ್ಲು ಬೀಸಿಸುತ್ತಿದ್ದರು. ಮಧ್ಯಾಹ್ನ ಊಟದ ಬದಲು ಒಂದು ಹಿಡಿ ಹುರಿಹಿಟ್ಟು ಕೊಟ್ಟು, "ಕೋಟೆಗೆ ಮುತ್ತಿಗೆ ಬಿದ್ದೈತೆ, ಇರೋದು ಇಷ್ಟೇ, ತಿನ್ರಿ" ಎನ್ನುತ್ತಿದ್ದರು.

ಸಂಜೆಯ ಪಾಠ ಮಾತ್ರ ಬೇರೆ. ನಮ್ಮಲ್ಲೊಬ್ಬರು ಸತ್ತ ಸೈನಿಕರಾಗಿ ಬಿದಿರೇಣಿಯ ಮೇಲೆ ಮಲಗಬೇಕು. ನಾಲ್ವರು ಹೊತ್ತು ಕೋಟೆಯ ಮೆಟ್ಟಿಲಿಳಿಯಬೇಕು. ಮೇಷ್ಟ್ರು ಪಕ್ಕದಲ್ಲೇ ಬರುತ್ತ, ಯಾರ ಕಾಲು ನಡುಗಿದರೂ "ಹೆಗಲು ಬದಲಿಸ್ರಿ" ಎನ್ನುತ್ತಿದ್ದರು.

ಒಮ್ಮೆ ನನ್ನನ್ನು ಮಲಗಿಸಿದ್ದರು. ಏಣಿ ವಾಲಿದಾಗ ಹೆದರಿ, "ನಿಧಾನ್ರೀ, ಬೀಳ್ತೀನಿ!" ಎಂದು ಕೂಗಿಬಿಟ್ಟೆ. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ನನ್ನ ಹಣೆಯ ಮೇಲೆ ಅಂಗೈಯಿಟ್ಟು, "ಸತ್ತೋರು ಮಾತಾಡಂಗಿಲ್ಲ ಕಣಪ್ಪ" ಎಂದರು. ಆಮೇಲೆ ಹೊತ್ತವರ ಕಡೆ ತಿರುಗಿ, "ಗೆದ್ದೋರ ಹೆಸ್ರು ಮಕ್ಕಳಿಗೆ ಎಲ್ರೂ ಹೇಳಿಕೊಡ್ತಾರೆ. ಈ ಭಾರ ಯಾರು ಹೇಳಿಕೊಡ್ಬೇಕು?" ಎಂದರು.

ಹೋದ ತಿಂಗಳು ಮತ್ತೋಡಿನಲ್ಲಿ ಅವರ ಚಟ್ಟಕ್ಕೆ ನಾವು ನಾಲ್ವರು ಶಿಕ್ಷಕರು ಹೆಗಲು ಕೊಟ್ಟೆವು. ಹೊಲದ ಏರಿನಲ್ಲಿ ನನ್ನ ಕಾಲು ನಡುಗಿ, ಚಟ್ಟ ಒಂದು ಕಡೆ ವಾಲಿತು. ಹಿಂದೆ ಹೆಗಲು ಕೊಡಲು ಬೇಕಾದಷ್ಟು ಜನರಿದ್ದರು. ಆದರೂ ನಾವು ನಾಲ್ವರೂ ಅಲ್ಲೇ ನಿಂತುಬಿಟ್ಟೆವು, "ಹೆಗಲು ಬದಲಿಸ್ರಿ" ಎಂಬ ಆ ಎರಡು ಮಾತು ಕೇಳಿಸಲೆಂದು.

ಮೇಷ್ಟ್ರು ತಾವೇ ಹೇಳಿಕೊಟ್ಟಂತೆ ಸುಮ್ಮನೆ ಮಲಗಿದ್ದರು.