ಸೂಜಿಗೆಂದು ಮಾಡಿದ ಉಪವಾಸ

ಸೊಂಟನೋವಿಗೆ ಅಕ್ಯುಪಂಕ್ಚರ್ ಸೂಜಿ ಚುಚ್ಚಿಸಿಕೊಳ್ಳಲು ದಾಂಡೇಲಿಯಿಂದ ಮುಂಡಗೋಡದ ಟಿಬೆಟನ್ ಕಾಲೊನಿಗೆ ಹೊರಟೆ. ಸೂಜಿ ಅಂದಮೇಲೆ ರಕ್ತ ಪರೀಕ್ಷೆಯ ಹಾಗೇ ಖಾಲಿ ಹೊಟ್ಟೆಯಲ್ಲಿ ಹೋಗಬೇಕೆಂದು, ಅವಲಕ್ಕಿ ತಂದಿಟ್ಟ ಹೆಂಡತಿಯನ್ನೇ ಗದರಿಸಿದೆ.

ಅಲ್ಲಿನ ಟಿಬೆಟನ್ ಡಾಕ್ಟರಮ್ಮ ನಮ್ಮ ಕನ್ನಡದಲ್ಲೇ ಕೇಳಿದರು: “ಏನರ ತಿಂದು ಬಂದೀರೇನ್ರಿ?”

“ರಾತ್ರಿಯಿಂದ ಹನಿ ನೀರೂ ಮುಟ್ಟಿಲ್ರಿ,” ಅಂದೆ, ಶಾಭಾಸ್ ಅನ್ನುತ್ತಾರೆಂದು.

“ಖಾಲಿ ಹೊಟ್ಟಿಲೆ ಸೂಜಿ ಹಾಕಿದ್ರ ಚಕ್ಕರ್ ಬಂದು ಬೀಳ್ತೀರಿ. ಹೋಗಿ ಸ್ವಲ್ಪ ತಿಂದು ಬರ್ರಿ.”

ಎದುರಿನ ಹೋಟೆಲಿನಲ್ಲಿ ನಾನು ಸ್ವಲ್ಪಕ್ಕೆ ನಿಲ್ಲಲಿಲ್ಲ; ಮೂರು ಪ್ಲೇಟು ಮೊಮೊ ಮುಗಿಸಿದೆ. ವಾಪಸು ಬಂದರೆ, “ಬೋರಲ ಮಲಗ್ರಿ” ಅಂದರು. ಮಲಗಿದವನು, ತುಂಬಿದ ಹೊಟ್ಟೆ ಒತ್ತಿ ವಾಂತಿ ಬಂದಂತಾಗಿ, ಅಷ್ಟೇ ಬೇಗ ಎದ್ದು ಬಚ್ಚಲಿಗೆ ಓಡಿದೆ. ಡಾಕ್ಟರಮ್ಮ ನಗು ತಡೆದುಕೊಂಡು, ಒಂದು ಸೂಜಿಯನ್ನೂ ಚುಚ್ಚದೆ, ಸೋಮವಾರ ಬನ್ನಿ ಎಂದು ಕಳಿಸಿದರು.

ಮನೆಯಲ್ಲಿ ಹೆಂಡತಿ ಕೇಳಿದಳು: “ಭಾಳ ನೋವಾತೇನ್ರಿ?”

“ಛೇ, ಚುಚ್ಚಿದ್ದ ಗೊತ್ತಾಗ್ಲಿಲ್ಲ,” ಅಂದೆ.

ಮರುದಿನದಿಂದ ಓಣಿಯವರೆಲ್ಲ ಹೆಂಡತಿ ಹೇಳಿದ ನನ್ನ ಧೈರ್ಯದ ಕತೆ ನಂಬಿ ಆ ಡಾಕ್ಟರ ವಿಳಾಸ ಕೇಳುತ್ತಿದ್ದಾರೆ.