ಮೇಷ್ಟ್ರ ತೂಕದ ಮೂಟೆ

ಕಳೆದ ವಾರ ಸ್ಕೂಟರ್ ಶೆಡ್ಡನ್ನು ಖಾಲಿ ಮಾಡಬೇಕೆಂದು ನಮ್ಮ ಮನೆಯಲ್ಲಿ ಆಜ್ಞೆಯಾಯಿತು. ಸ್ಕೂಟರ್ ಮಾರಿ ವರ್ಷಗಳೇ ಕಳೆದಿವೆ; ಶೆಡ್ಡು ಮಾತ್ರ ಇನ್ನೂ ಅದರ ಹೆಸರಿನಲ್ಲೇ ಇದೆ. ಕಾಲು ಮುರಿದ ಕುರ್ಚಿ, ತೂತು ಬಿದ್ದ ಹಂಡೆ, ಯಾವ ಬೀಗಕ್ಕೂ ಸೇರದ ಬೀಗದ ಕೈಗಳ ಗೊಂಚಲು, ಇವೆಲ್ಲವನ್ನೂ ದಾಟಿದ ಮೇಲೆ ಗೋಡೆಗೆ ಒರಗಿ ಕೂತಿದ್ದ ಒಂದು ಗೋಣಿಚೀಲ ಸಿಕ್ಕಿತು. ಎಳೆದೆ. ತಳ ಬಿಚ್ಚಿ ಮರಳು ಸುರಿಯಿತು. ಅದರ ಜೊತೆಗೇ ಹಳೇ ಗ್ರೀಸಿನ ವಾಸನೆ ಮೂಗಿಗೆ ಹೊಡೆಯಿತು... ಚೀಲದ ಹೊಟ್ಟೆಯ ಮೇಲೆ ಕೆಂಪು ಪೇಂಟಿನಲ್ಲಿ ‘ಮೇಷ್ಟ್ರು’ ಎಂದು ಬರೆದಿತ್ತು.

ಆ ಮೇಷ್ಟ್ರು ನಾನೇ. ಆ ಮರಳು ನನ್ನ ತೂಕ. ಹೀಗೆಂದರೆ ಯಾರಿಗೂ ಏನೂ ಅರ್ಥವಾಗದೆಂದು ಬಲ್ಲೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನಿಗೆ ಅರ್ಥವಾಗದ ಮುಖಗಳು ಹೊಸತಲ್ಲ. ಆದ್ದರಿಂದ ಕ್ರಮವಾಗಿ ಹೇಳುತ್ತೇನೆ.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನನಗೆ ಕೊಪ್ಪದಿಂದ ನರಸಿಂಹರಾಜಪುರಕ್ಕೆ ವರ್ಗವಾಯಿತು. ಊರಿನ ಹೊರಗೆ, ಭದ್ರಾ ಹಿನ್ನೀರು ಕಾಣುವ ದಿಬ್ಬದ ಮೇಲೆ ಆಗ ಒಂದು ಪಾರ್ಕಿತ್ತು. ಈಗಿನವರು ಕಲ್ಪಿಸಿಕೊಳ್ಳುವಂಥ ಪಾರ್ಕಲ್ಲ. ಸುತ್ತಿಗೊಮ್ಮೆ ಹಳಿ ತಪ್ಪುವ ಒಂದು ಪುಟಾಣಿ ರೈಲು, ಕಿವಿ ಹೋದ ನಾಲ್ಕು ಮರದ ಕುದುರೆ, ಇದ್ದ ಹೊಟ್ಟೆಯನ್ನು ಇಮ್ಮಡಿಸಿ ತೋರಿಸುವ ಒಂದು ಕನ್ನಡಿ, ಒಂದು ಮಂಡಕ್ಕಿ ಅಂಗಡಿ. ಇವೆಲ್ಲಕ್ಕೂ ಕಳಶವಿಟ್ಟಂತೆ ಎಂಟು ತೊಟ್ಟಿಲುಗಳ ಒಂದು ದೊಡ್ಡ ಚಕ್ರ. ಬೋರ್ಡಿನ ಮೇಲೆ ಭರ್ಜರಿಯಾದ ಇಂಗ್ಲಿಷ್ ಹೆಸರೊಂದಿತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರು ತಾಲ್ಲೂಕಿನ ಜನ ಸರ್ವಾನುಮತದಿಂದ ಅದನ್ನು ತಿರಸ್ಕರಿಸಿ ‘ಚಕ್ರದ ಪಾರ್ಕು’ ಎಂದು ಕರೆದರು. ಶೃಂಗೇರಿಯಲ್ಲಿ ದೇವರ ದರ್ಶನದ ಸಾಲಿನಲ್ಲಿ ಸುಮ್ಮನೆ ನಿಂತ ಮಕ್ಕಳಿಗೆ ಬಹುಮಾನವಾಗಿ ಈ ಚಕ್ರ ಸಿಗುತ್ತಿತ್ತು. ಕಮ್ಮರಡಿ ಕಡೆಯ ಶಾಲೆಗಳು ‘ಶೈಕ್ಷಣಿಕ ಪ್ರವಾಸ’ ಎಂದು ಕಡತದಲ್ಲಿ ಬರೆದು ನೇರವಾಗಿ ಇಲ್ಲಿಗೆ ಬಸ್ಸು ಬಿಡುತ್ತಿದ್ದವು. ಇದರಲ್ಲಿ ಶಿಕ್ಷಣ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಇತ್ತು, ಅದು ಚಕ್ರದ ಬುಡದಲ್ಲಿ ನಿಂತಿತ್ತು.

ಆ ಚಕ್ರ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಚಕ್ರದ ಸಾಹೇಬರು ಎನ್ನುತ್ತಿದ್ದರು. ನನ್ನದೇ ವಯಸ್ಸು. ಒಣಗಿದ ಮೈ, ಮಡಿಸಿ ಕಟ್ಟಿದ ಲುಂಗಿ, ಕಿವಿಯ ಸಂದಿಯಲ್ಲಿ ಒಂದು ಪೆನ್ಸಿಲ್ಲು. ಪಾರ್ಕಿಗೆ ಬರುವ ಮೊದಲು ಅಡಿಕೆ ಮಂಡಿಯಲ್ಲಿ ಮೂಟೆ ತೂಗುತ್ತಿದ್ದರು. ಅಲ್ಲಿ ಇಪ್ಪತ್ತು ವರ್ಷ ತೂಗಿ ತೂಗಿ, ತಕ್ಕಡಿಯನ್ನು ಅಲ್ಲೇ ಬಿಟ್ಟು ಅದರ ಮುಳ್ಳನ್ನು ಮಾತ್ರ ಕಣ್ಣಿನಲ್ಲಿ ಇಟ್ಟುಕೊಂಡು ಬಂದಿದ್ದರು.

ಆ ಮುಳ್ಳಿಲ್ಲದೆ ಚಕ್ರ ತಿರುಗುವಂತಿರಲಿಲ್ಲ. ಅದನ್ನು ತಿರುಗಿಸುತ್ತಿದ್ದದ್ದು ಯಾರದ್ದೋ ಗದ್ದೆಗೆ ನೀರೆತ್ತಿ ನಿವೃತ್ತವಾದ ಪಂಪ್‌ಸೆಟ್ ಇಂಜಿನ್ನು. ಎದುರುಬದುರಿನ ತೊಟ್ಟಿಲುಗಳಲ್ಲಿ ಸರಿಸಮ ಭಾರವಿದ್ದರೆ ಮಾತ್ರ ಅದಕ್ಕೆ ಉಸಿರು. ಒಂದು ಕಡೆ ಭಾರ ಹೆಚ್ಚಾದರೆ ಆ ಕಡೆ ಕೆಳಗೆ ಕೂತುಬಿಡುತ್ತಿತ್ತು, ಆಮೇಲೆ ಬೆಲ್ಟು ಹಾರುತ್ತಿತ್ತು. ಹಾಗಾಗಿ ಜನರನ್ನು ತೂಕ ನೋಡಿ ಕೂರಿಸಬೇಕು, ಜನ ಸಾಲದಾದರೆ ಮರಳಿನ ಮೂಟೆ ಇಡಬೇಕು. ಸಾಹೇಬರ ಹತ್ತಿರ ಹತ್ತು ಕೆಜಿಯಿಂದ ಐವತ್ತರವರೆಗೆ ಮೂಟೆಗಳ ಒಂದು ಸಂಸಾರವೇ ಇತ್ತು.

ಆದರೆ ಮನುಷ್ಯರ ತೂಕವನ್ನು ಅವರು ಎಂದೂ ಬಾಯಿಬಿಟ್ಟು ಹೇಳಿದವರಲ್ಲ. ಮೈತುಂಬಿದ ಹೆಂಗಸೊಬ್ಬರು ಗಂಡನ ಪಕ್ಕ ಕೂರಲು ಹೊರಟರೆ, “ಅಮ್ಮಾ, ನೀವು ಈ ತೊಟ್ಟಿಲಿಗೆ ಬನ್ನಿ, ಇದಕ್ಕೆ ಗಾಳಿ ಚೆನ್ನಾಗಿ ಬರ್ತದೆ” ಎನ್ನುತ್ತಿದ್ದರು. ಅವರು ಮಹಾರಾಣಿಯಂತೆ ಅಲ್ಲಿ ಹೋಗಿ ಕೂರುತ್ತಿದ್ದರು. ಚಕ್ರದ ಎಂಟು ತೊಟ್ಟಿಲಿಗೂ ಬೀಸುವ ಗಾಳಿ ಒಂದೇ ಎಂಬುದು ಎರಡು ತಿಂಗಳು ಪಕ್ಕದಲ್ಲೇ ಕೂತು ನೋಡಿದ ನನಗೆ ಹೊಳೆಯಿತು. ಹೇಳಿದೆ. ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, “ನೀವು ಹತ್ತೋ ದಿನ ನಿಮಗೂ ಗಾಳಿ ಬರೋದನ್ನೇ ಕೊಡ್ತೇನೆ ಮೇಷ್ಟ್ರೇ, ಹೆದರಬೇಡಿ” ಎಂದರು.

ನಾನು ಹೆದರಿಯೇ ಇದ್ದೆ. ನೆಲ ಬಿಟ್ಟು ಮೇಲೇಳುವ ಯಾವುದರಲ್ಲೂ ನನಗೆ ನಂಬಿಕೆಯಿಲ್ಲ. ಹೋಗುತ್ತಿದ್ದದ್ದು ಸಂಜೆ ಹೊತ್ತು ಮಂಡಕ್ಕಿ ತಿನ್ನಲು, ಚಕ್ರದ ಪಕ್ಕ ಸಾಹೇಬರು ಕೂರುವ ಕಲ್ಲಿನ ಮೇಲೆ ಕೂರಲು, ಮಾತಾಡಲು.

ಅವರಿಗೊಂದು ಅಭ್ಯಾಸವಿತ್ತು. ಬೇಸಿಗೆಯಲ್ಲಿ ಹಿನ್ನೀರು ಇಳಿದ ದಿನಗಳಲ್ಲಿ ಚಕ್ರದಿಂದ ಇಳಿದವರನ್ನೆಲ್ಲ ತಡೆದು ಕೇಳುತ್ತಿದ್ದರು. “ಮೇಲಿಂದ ಹಾದಿ ಕಾಣ್ತಾ? ನೀರಿನೊಳಗೆ ಹೋಗ್ತದಲ್ಲ, ಅದು ಎತ್ಲಾಗೆ ತಿರುಗ್ತದೆ?” ಮಕ್ಕಳು “ಕಾಣ್ತು ಕಾಣ್ತು” ಎಂದು ಓಡುತ್ತಿದ್ದವು. ದೊಡ್ಡವರಲ್ಲಿ ಒಬ್ಬರು ಎಡಕ್ಕೆ ಎಂದರೆ ಇನ್ನೊಬ್ಬರು ಬಲಕ್ಕೆ. ಬೇಗಾರಿನಿಂದ ಬಂದ ಒಬ್ಬರಂತೂ, “ಯಾವ ಹಾದಿ ಮಾರಾಯ್ರೆ, ನಾನು ಕಣ್ಣೇ ಬಿಡ್ಲಿಲ್ಲ” ಎಂದಿದ್ದರು.

ಕಾರಣವನ್ನು ಒಂದು ದಿನ ಹೇಳಿದರು. ಅಣೆಕಟ್ಟೆಯ ನೀರು ಏರಿ ಮುಳುಗಿದ ಊರುಗಳಲ್ಲಿ ಅವರದೂ ಒಂದು. ಬಿಟ್ಟು ಬರುವಾಗ ಅವರಿಗೆ ನಾಲ್ಕೋ ಐದೋ ವರ್ಷ. ಗಾಡಿಯಲ್ಲಿ ಸಾಮಾನಿನ ಮೇಲೆ ಹಿಂದುಮುಂದಾಗಿ ಕೂತಿದ್ದರಂತೆ. ಹಾದಿ ಒಂದು ಕಡೆ ತಿರುಗಿತು, ಮನೆ ಬಾಗಿಲು ಮರೆಯಾಯಿತು. ನೆನಪಿರುವುದು ಅಷ್ಟೇ, ಆ ತಿರುವು. ಅಂಥ ತಿರುವೇ ಇರಲಿಲ್ಲ, ಊರಿನ ಹಾದಿ ನೆಟ್ಟಗೆ ಇತ್ತು, ನೀನು ಕನಸು ಕಂಡಿದ್ದೀ ಎಂದು ಅವರ ಅಣ್ಣ ಸಾಯುವವರೆಗೂ ವಾದಿಸಿದರಂತೆ.

“ದೋಣಿ ಮಾಡ್ಕೊಂಡು ಹೋಗಿದ್ದೆ ಮೇಷ್ಟ್ರೇ ಒಂದ್ಸಲ. ಹತ್ರ ಹೋದ್ರೆ ಬರೀ ಕೆಸರು. ಎತ್ತರದಿಂದ ನೋಡಿದ್ರೆ ನೀರಡಿಗೆ ಗೆರೆ ಕಾಣ್ತದಂತೆ. ಅದೊಂದು ತಿರುವು ಸುಳ್ಳಾದ್ರೆ ನನ್ನ ಹತ್ರ ಆ ಊರಿಂದು ಅಂತ ಏನೂ ಉಳಿಯಲ್ಲ ನೋಡಿ.”

“ನೀವೇ ಹತ್ತಿ ನೋಡಬಾರದಾ?”

“ನಾನು ಹತ್ತಿದ್ರೆ ಕೆಳಗೆ ತೂಕ ನೋಡೋರು ಯಾರು?”

ಎಂಟು ವರ್ಷ ಆ ಚಕ್ರವನ್ನು ತಿರುಗಿಸಿದವರು ಒಂದು ದಿನವೂ ಅದರಲ್ಲಿ ಕೂತಿರಲಿಲ್ಲ. ಟಿಕೆಟ್ ಕೊಡುವವನಿಗೆ ಇಂಜಿನ್ ನಡೆಸಲು ಬರುತ್ತಿತ್ತು, ಕೂರಿಸಲು ಬರುತ್ತಿರಲಿಲ್ಲ. ಒಮ್ಮೆ ಪ್ರಯತ್ನಿಸಿ ಮದುವೆ ದಿಬ್ಬಣವೊಂದನ್ನು ಅರ್ಧ ಎತ್ತರದಲ್ಲಿ ನೇತುಹಾಕಿದ್ದ.

“ನೀವು ಹತ್ತಿ ಹೇಳಿ ಮೇಷ್ಟ್ರೇ” ಎಂದರು ಸಾಹೇಬರು. “ನೀವು ಸುಳ್ಳು ಹೇಳೋರಲ್ಲ.”

ಮರುದಿನ ಹೋದಾಗ ಮೂಟೆಗಳ ಸಾಲಿನ ಕೊನೆಗೆ ಒಂದು ಹೊಸ ಮೂಟೆ ಕೂತಿತ್ತು. ಉಳಿದವೆಲ್ಲ ಅದರ ಮುಂದೆ ಮಕ್ಕಳಂತಿದ್ದವು. ಎಂಬತ್ತೆರಡು ಕೆಜಿ, ಕೆಂಪು ಪೇಂಟಿನಲ್ಲಿ ‘ಮೇಷ್ಟ್ರು’. ನಾನು ಹತ್ತುವ ದಿನ ಎದುರಿನ ತೊಟ್ಟಿಲಿಗೆ ಇಡಲೆಂದು ಕಟ್ಟಿದ್ದು. ನನ್ನ ಜೀವಮಾನದಲ್ಲಿ ನನಗೆ ಸಂದ ಏಕೈಕ ಸ್ಮಾರಕ ಅದು.

ನಾನು ಹತ್ತಲಿಲ್ಲ. ಒಂದು ಬೇಸಿಗೆಗೆ ತಲೆಸುತ್ತು, ಇನ್ನೊಂದಕ್ಕೆ ಮಂಡಿನೋವು, ಮತ್ತೊಂದಕ್ಕೆ ಪರೀಕ್ಷೆಯ ಪೇಪರು. ನೆಪಗಳನ್ನು ಸಮಾನಾಂತರ ಶ್ರೇಢಿಯಲ್ಲಿ ಜೋಡಿಸುತ್ತಾ ಹೋದೆ. ಮೂಟೆ ಮಾತ್ರ ಮಳೆಗಾಲದಲ್ಲಿ ತಾಡಪಾಲಿನ ಕೆಳಗೆ, ಬೇಸಿಗೆಯಲ್ಲಿ ಹೊರಗೆ, ನನಗಾಗಿ ಕಾಯುತ್ತಾ ಕೂತಿತ್ತು...

ಹೀಗಿರುತ್ತಾ ಪಾರ್ಕು ಸ್ಥಳಾಂತರವಾಗುತ್ತದೆಂಬ ಸುದ್ದಿ ಬಂತು. ಶಿವಮೊಗ್ಗದ ಕಡೆ ಹೆದ್ದಾರಿಯ ಪಕ್ಕ ಜಾಗ ಸಿಕ್ಕಿದೆಯಂತೆ, ನೀರಿನ ಜಾರುಬಂಡಿ, ಕರೆಂಟಿನ ಹೊಸ ಚಕ್ರ ಎಲ್ಲ ಬರುತ್ತದಂತೆ. ಮೇ ತಿಂಗಳ ಒಂದು ಭಾನುವಾರ ಇಲ್ಲಿ ಕೊನೆ, ಸೋಮವಾರ ಬಿಚ್ಚುವವರು ಬರುತ್ತಾರೆ. ಆ ವರ್ಷ ಹಿನ್ನೀರು ನಾನು ಕಂಡಂತೆ ಎಂದೂ ಇಳಿಯದಷ್ಟು ಇಳಿದಿತ್ತು.

ಭಾನುವಾರ ಹೊತ್ತು ಇಳಿಯುವ ವೇಳೆಗೆ ಸಾಹೇಬರು ನನ್ನ ಮುಂದೆ ಬಂದು ನಿಂತರು. ಕಿವಿಯ ಸಂದಿಯ ಪೆನ್ಸಿಲನ್ನು ತೆಗೆದು ನನ್ನ ಕೈಗಿಟ್ಟರು. “ಮೇಷ್ಟ್ರೇ, ನೀವು ಹತ್ತೋದು ಬೇಡ. ಒಂದು ಸುತ್ತಿಗೆ ಜನ ಕೂರಿಸಿ ಕೊಡ್ತೀರಾ? ಒಂದೇ ಒಂದು.”

ಅಷ್ಟೂ ವರ್ಷಗಳ ಗಣಿತ ನನ್ನ ಬೆನ್ನ ಹಿಂದಿತ್ತು. ಒಪ್ಪಿಕೊಂಡೆ. ಟಿಕೆಟ್ಟಿನವನು ಇಂಜಿನ್ ಹತ್ತಿರ ನಿಂತ. ನಾನು ತೊಟ್ಟಿಲಿಗೊಂದರಂತೆ ಎಂಟು ಮನೆಗಳ ಚಿತ್ರ ಬರೆದು, ಮೂರು ಜೋಡಿ ತೊಟ್ಟಿಲುಗಳನ್ನು ಎರಡು ಕೆಜಿಯೂ ವ್ಯತ್ಯಾಸ ಬಾರದಂತೆ ತುಂಬಿದೆ. ಇದೇನು ಬ್ರಹ್ಮವಿದ್ಯೆಯಲ್ಲ ಎಂದುಕೊಂಡೆ. ಉಳಿದದ್ದು ಒಂದು ಜೋಡಿ. ಒಂದರಲ್ಲಿ ಸಾಹೇಬರು, ಅವರ ಪಕ್ಕಕ್ಕೆ ಮೂಟೆ. ಎದುರಿನದಕ್ಕೆ ಬಂದವರು, ಕೊಪ್ಪದಲ್ಲಿ ನನಗೆ ಮುಖ್ಯೋಪಾಧ್ಯಾಯಿನಿಯಾಗಿದ್ದ ಅಮ್ಮನವರು ಮತ್ತು ಅವರ ತಂಗಿ.

ಇಲ್ಲಿ ಒಂದು ಧರ್ಮಸಂಕಟ ಎದುರಾಯಿತು. ಅಮ್ಮನವರನ್ನು ದಿಟ್ಟಿಸಿ ನೋಡಿ ಅಭ್ಯಾಸವೇ ನನಗಿರಲಿಲ್ಲ. ಹತ್ತು ವರ್ಷ ಅವರ ಮುಂದೆ ನೆಲ ನೋಡಿಕೊಂಡೇ ನಿಂತವನು. ಈಗ ತಲೆಯೆತ್ತಿ ಇವರು ಇಷ್ಟು ಕೆಜಿ ಎಂದು ಅಳೆಯುವುದೇ? ಗೌರವಪೂರ್ವಕವಾಗಿ ಐವತ್ತು ಎಂದು ಬರೆದೆ. ತಂಗಿಗೂ, ಅಕ್ಕನಿಗೆ ಅವಮಾನವಾಗದಂತೆ, ಐವತ್ತು. ಒಟ್ಟು ನೂರು. ಸಾಹೇಬರದು ಐವತ್ತು, ಅವರ ಪಕ್ಕಕ್ಕೆ ಐವತ್ತರ ಮೂಟೆ. ಉತ್ತರ ಸರಿಯಾಯಿತು.

ಚಕ್ರ ಅರ್ಧ ಸುತ್ತು ಚೆನ್ನಾಗಿಯೇ ತಿರುಗಿತು. ಅಮ್ಮನವರ ತೊಟ್ಟಿಲು ಬುಡಕ್ಕೆ ಬಂದದ್ದೇ ಅಲ್ಲಿ ಬೇರು ಬಿಟ್ಟಿತು. ಇಂಜಿನ್ನು ಕೆಮ್ಮಿತು, ಚಟಾರನೆ ಬೆಲ್ಟು ಹಾರಿತು. ನೇರ ಎದುರಿನ ತೊಟ್ಟಿಲು, ಸಾಹೇಬರದು, ಆಕಾಶದಲ್ಲಿ ನಿಂತಿತು.

“ಎಂತ ಆಯ್ತು?” ಎಂದರು ಅಮ್ಮನವರು, ನನ್ನಿಂದ ಎರಡು ಮಾರು ದೂರದಲ್ಲಿ.

“ಸಣ್ಣ ತಾಂತ್ರಿಕ ದೋಷ, ಮೇಡಂ.”

“ಹಾಗಾದ್ರೆ ನಾವು ಇಳಿತೇವೆ.”

“ಯಾರೂ ಇಳೀಬೇಡಿ!” ಮೇಲಿನಿಂದ ಸಾಹೇಬರ ದನಿ. “ಬೆಲ್ಟು ಹಾಕದೆ ಇಳಿದ್ರೆ ಚಕ್ರ ಓಡ್ತದೆ!”

ಟಿಕೆಟ್ಟಿನವನು ಬೆಲ್ಟು ಏರಿಸಿದ, ಅದು ಜಾರಿತು. ಏರಿಸಿದ, ಜಾರಿತು. ಅಮ್ಮನವರು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. “ಲೆಕ್ಕದ ಮೇಷ್ಟ್ರು ಅಲ್ವೇನ್ರೀ ನೀವು? ಪುಣ್ಯ, ಆ ಮಕ್ಕಳು ಹೇಗೆ ಪಾಸಾದ್ವೋ.” ತಂಗಿ, “ಬಿಡೇ ಅಕ್ಕ, ಇಲ್ಲಿ ಗಾಳಿಯಾದ್ರೂ ಬರ್ತಿದೆ” ಎಂದರು. ಅರ್ಧ ಗಂಟೆ ಹೀಗೇ ಹೋಯಿತು. ಹಿನ್ನೀರಿನ ಮೇಲೆ ಬಿಸಿಲು ಹಳದಿಯಾಯಿತು, ಕೆಂಪಾಯಿತು. ಉಳಿದ ತೊಟ್ಟಿಲಿನವರೆಲ್ಲ ಕೆಳಗೆ ಬಗ್ಗಿ ಕೂಗುತ್ತಿದ್ದರು. ತುತ್ತತುದಿಯ ತೊಟ್ಟಿಲಿನಿಂದ ಮಾತ್ರ ಸದ್ದಿಲ್ಲ. ಅಲ್ಲೊಬ್ಬರು ನೀರಿನ ಕಡೆ ಮುಖ ಮಾಡಿ ಅಲ್ಲಾಡದೆ ಕೂತಿದ್ದರು...

ಕೊನೆಗೆ ಚಕ್ರ ಇಳಿಯಿತು. ಅಮ್ಮನವರು ನನ್ನತ್ತ ನೋಡದೆ ನಡೆದುಹೋದರು. ಸಾಹೇಬರು ಇಳಿದು ಬಂದು ನನ್ನ ಕೈ ಹಿಡಿದುಕೊಂಡರು. ಬಿಡಲಿಲ್ಲ.

“ತಿರುಗ್ತದೆ ಮೇಷ್ಟ್ರೇ. ಎಡಕ್ಕೆ. ಅಣ್ಣ ಇರಬೇಕಿತ್ತು.”

ಕ್ಷಮೆ ಕೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಅಂದರು: “ಸುತ್ತುತ್ತಾ ಇದ್ರೆ ಒಂದು ಕ್ಷಣ ಕಾಣ್ತಿತ್ತು ಅಷ್ಟೇ. ನೀವು ನಿಲ್ಲಿಸಿ ತೋರಿಸಿದ್ರಿ. ನಿಮ್ಮ ಹೆಸರಿನ ಮೂಟೆ ಪಕ್ಕದಲ್ಲೇ ಇತ್ತು. ಅದನ್ನ ಬಿಟ್ಟು ಚಿಕ್ಕದನ್ನ ಇಟ್ಟಾಗ್ಲೇ ಚಕ್ರ ನಿಲ್ತದೆ ಅಂತ ಗೊತ್ತಾಯ್ತು ನನಗೆ. ಸುಮ್ನೆ ಕೂತೆ. ಬೇಕಂತ್ಲೇ ಮಾಡಿದ್ರಿ ಅಲ್ವಾ? ನಿಮ್ಮ ಲೆಕ್ಕ ತಪ್ಪೋದುಂಟಾ?”

ನಾನು “ಹೂಂ” ಎಂದೆ.

ಸುಳ್ಳು ಹೇಳದವನೆಂದು ನನ್ನನ್ನು ನಂಬಿದ್ದ ಒಬ್ಬರಿಗೆ ನಾನು ಹೇಳಿದ ಸುಳ್ಳು ಅದು. ಒಂದೇ ಅಕ್ಷರದ್ದು ಎಂಬುದು ಸಮಾಧಾನವಲ್ಲ.

ಮರುದಿನ ಚಕ್ರವನ್ನು ಬಿಚ್ಚಿದರು. ಸಂಜೆಗೆ ನಮ್ಮ ಮನೆ ಮುಂದೆ ಗೂಡ್ಸ್ ಆಟೋ ಒಂದು ನಿಂತಿತು. ಇಬ್ಬರು ಸೇರಿ ಮೂಟೆಯನ್ನು ಇಳಿಸಿದರು. “ಹೊಸ ಚಕ್ರಕ್ಕೆ ಮೂಟೆ ಬೇಡವಂತೆ, ಮೇಷ್ಟ್ರದ್ದು ಮೇಷ್ಟ್ರಿಗೇ ಕೊಡಿ ಅಂದ್ರು ಸಾಹೇಬ್ರು” ಎಂದ ಆಟೋದವನು. ಎಂಬತ್ತೆರಡು ಕೆಜಿ ಮರಳನ್ನು ಏತಕ್ಕೆ ತರಿಸಿದಿರೆಂದು ಮನೆಯಲ್ಲಿ ಕೇಳುತ್ತಿರುವಾಗಲೇ ಅದನ್ನು ಸ್ಕೂಟರ್ ಶೆಡ್ಡಿಗೆ ಎಳೆಸಿದೆ.

ಸಾಹೇಬರೂ ಪಾರ್ಕಿನ ಜೊತೆ ಹೋದರು. ಅಲ್ಲಿ ಜನರ ಚಪ್ಪಲಿ, ಚೀಲ ಕಾಯುವ ಕೆಲಸ ಕೊಟ್ಟರಂತೆ. ಒಂದು ಸಲ ಹೋಗಿ ನಿಜ ಹೇಳಿ ಬರಬೇಕೆಂದು ಪ್ರತಿ ಬೇಸಿಗೆಯಲ್ಲೂ ಅಂದುಕೊಂಡೆ. ಮತ್ತೆ ಅದೇ ತಲೆಸುತ್ತು, ಅದೇ ಮಂಡಿನೋವು. ಕೊನೆಗೆ ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಅಂಗಡಿಯವರು ಸಿಕ್ಕಿ, ಸಾಹೇಬರು ಹೋಗಿಬಿಟ್ಟರು, ಆಗಲೇ ಮೂರು ತಿಂಗಳಾಯಿತು ಎಂದರು.

ಹೋದ ವರ್ಷ ಮೊಮ್ಮಗಳ ಹಟಕ್ಕೆ ಆ ಹೊಸ ಪಾರ್ಕಿಗೆ ಹೋಗಿದ್ದೆ. ಚಕ್ರ ಮೂರು ಪಟ್ಟು ದೊಡ್ಡದು. ಅವಳ ಕೈ ಹಿಡಿದು ಹತ್ತಿಯೂಬಿಟ್ಟೆ, ಈ ವಯಸ್ಸಿನಲ್ಲಿ. ಬಾಗಿಲು ಹಾಕಿದ ಹುಡುಗಿ ಫೋನು ನೋಡುತ್ತಿದ್ದಳು. ಗಾಳಿ ಬರುವ ತೊಟ್ಟಿಲು ಇದು ಎಂದು ಯಾರೂ ಹೇಳಲಿಲ್ಲ. ಮೇಲಿನಿಂದ ಕಾರು ನಿಲ್ಲಿಸುವ ಜಾಗ ಬಹಳ ಸ್ಪಷ್ಟವಾಗಿ ಕಂಡಿತು.

ಶೆಡ್ಡಿನ ನೆಲದಲ್ಲಿ ಕೂತು ಇದನ್ನೆಲ್ಲ ನೆನೆಯುವಾಗ ನನಗೊಂದು ಅನುಮಾನ ಬಂತು. ಮೂರು ತಾಲ್ಲೂಕಿನ ಹೆಂಗಸರಿಗೆ ಅವರ ತೂಕ ಹೇಳದೆ ಗಾಳಿಯ ನೆಪ ಹೇಳಿ ಮಾನ ಉಳಿಸಿದವರು, ಕೈಯಲ್ಲಿ ಪೆನ್ಸಿಲ್ ಹಿಡಿದು ಬೆವರುತ್ತಾ ನಿಂತಿದ್ದ ನನ್ನನ್ನು ಆ ಸಂಜೆ ತೂಗದೇ ಬಿಟ್ಟಿದ್ದರೇ? ಬೇಕಂತಲೇ ಮಾಡಿದಿರಿ ಅಲ್ಲವಾ ಎಂದು ಕೇಳಿದ್ದು, ನನಗೆ ಕೊಡುತ್ತೇನೆಂದಿದ್ದ ಗಾಳಿ ಬರುವ ತೊಟ್ಟಿಲೇ?...

ನಾನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ ಸುಳ್ಳನ್ನು ಅವರು ಅಂದೇ ಇಳಿಸಿಬಿಟ್ಟಿದ್ದಿರಬಹುದು. ಹೋಗಿದ್ದರೆ ಕೇಳಬಹುದಿತ್ತು.

ದಬ್ಬಣ ತಂದು ಚೀಲದ ತಳ ಹೊಲಿದೆ. ಅದನ್ನು ಎಸೆಯುವುದಿಲ್ಲವೆಂದು ಮನೆಯಲ್ಲಿ ಘೋಷಿಸಿದೆ. ಸುರಿದ ಮರಳನ್ನು ಮಾತ್ರ ತಿರುಗಿ ತುಂಬಲಿಲ್ಲ. ನಾನೂ ಈಗ ಎಂಬತ್ತೆರಡು ಕೆಜಿ ಇಲ್ಲ. ಎಷ್ಟಿದ್ದೇನೆಂದು ಒಂದೇ ನೋಟಕ್ಕೆ ತಿಳಿಯಬಲ್ಲವರೊಬ್ಬರಿದ್ದರು. ಅವರಿದ್ದಿದ್ದರೂ ಹೇಳುತ್ತಿರಲಿಲ್ಲ.